ಮಣ್ಣಿನ ಬಂಡಿ, ಮಾತಿಲ್ಲದ ತೆರೆ: ಮೂಕಿ ಯುಗದ ‘ವಸಂತಸೇನಾ’

‘ವಸಂತಸೇನಾ’ ಶೂದ್ರಕನ ಸಂಸ್ಕೃತ ನಾಟಕ ‘ಮೃಚ್ಛಕಟಿಕ’ವನ್ನು ಆಧರಿಸಿದ ಮೂಕಿ ಚಿತ್ರ. ‘ಮೃಚ್ಛಕಟಿಕ’ ಎಂಬ ಹೆಸರಿನಿಂದಲೂ ಇದನ್ನು ಗುರುತಿಸುವುದುಂಟು. ನಿರ್ದೇಶಕರು ಮೋಹನ್ ದಯಾರಾಮ್ ಭವನಾನಿ. ಏಣಾಕ್ಷಿ ರಾಮರಾವ್, ಕಮಲಾದೇವಿ ಚಟ್ಟೋಪಾಧ್ಯಾಯ ಮತ್ತು ನಾಟಕಕಾರ ಟಿ.ಪಿ. ಕೈಲಾಸಂ ಇದರಲ್ಲಿ ನಟಿಸಿದ್ದರು. ಚಿತ್ರಸೂಚಿಗಳು ಇದನ್ನು ಕೆಲವೆಡೆ 1930ರ ಲೆಕ್ಕಕ್ಕೂ ಕೆಲವೆಡೆ 1931ರ ಲೆಕ್ಕಕ್ಕೂ ಸೇರಿಸುತ್ತವೆ. ಕನ್ನಡ ಚಿತ್ರರಂಗದ ಚರಿತ್ರೆ ಬರೆಯುವವರು ಮೊದಲ ಅಧ್ಯಾಯದಲ್ಲೇ ಹೆಸರಿಸುವ ಚಿತ್ರಗಳಲ್ಲಿ ಇದೂ ಒಂದು.

ಜಗತ್ತಿನ ಹಳೆಯ ದೊಡ್ಡ ಕೃತಿಗಳಲ್ಲಿ ಮಗುವಿನ ಆಟಿಕೆಯೊಂದರಿಂದ ಹೆಸರು ಪಡೆದವು ಬಹಳ ಕಡಿಮೆ. ‘ಮೃಚ್ಛಕಟಿಕ’ ಅಂಥದ್ದು. ಹತ್ತು ಅಂಕಗಳ ಈ ನಾಟಕದಲ್ಲಿ ಪ್ರೇಮ, ಕಳ್ಳತನ, ಜೂಜು, ರಾಜದ್ರೋಹ, ಕೊಲೆಯ ಯತ್ನ, ನ್ಯಾಯವಿಚಾರಣೆ ಎಲ್ಲವೂ ಇವೆ. ಆದರೂ ಕವಿ ಹೆಸರಿಗೆ ಆರಿಸಿಕೊಂಡದ್ದು ಒಬ್ಬ ಪುಟ್ಟ ಹುಡುಗನ ಮಣ್ಣಿನ ಬಂಡಿಯನ್ನು. ಪಾತ್ರಗಳ ಬಾಯಿಮಾತಿನಿಂದಲೇ ಹೆಸರಾದ ಇಂಥ ನಾಟಕ ಮಾತೇ ಇಲ್ಲದ ತೆರೆಗೆ ಹೇಗೆ ಒಗ್ಗಿತು? ಉತ್ತರ ಬಹುಮಟ್ಟಿಗೆ ನಾಟಕದ ಕಟ್ಟಡದಲ್ಲೇ ಇದೆ.

ಮೂಲ ನಾಟಕ

ಕಥೆ ನಡೆಯುವುದು ಉಜ್ಜಯಿನಿಯಲ್ಲಿ. ಚಾರುದತ್ತ ದಾನ ಮಾಡಿ ಮಾಡಿ ಬಡವನಾದ ಬ್ರಾಹ್ಮಣ ವರ್ತಕ. ಅವನ ಹೆಂಡತಿ ಧೂತಾ, ಮಗ ರೋಹಸೇನ, ಗೆಳೆಯ ಮೈತ್ರೇಯ. ಊರಿನ ಹೆಸರಾಂತ ಗಣಿಕೆ ವಸಂತಸೇನೆಗೆ ಚಾರುದತ್ತನ ಮೇಲೆ ಮನಸ್ಸು. ಆದರೆ ರಾಜ ಪಾಲಕನ ಮೈದುನ ಶಕಾರನಿಗೆ ಅವಳ ಮೇಲೆ ಕಣ್ಣು. ಒಂದು ರಾತ್ರಿ ಅವನು ಬೀದಿಯಲ್ಲಿ ಅಟ್ಟಿಸಿಕೊಂಡು ಬಂದಾಗ ಅವಳು ಚಾರುದತ್ತನ ಮನೆ ಹೊಕ್ಕು ಪಾರಾಗುತ್ತಾಳೆ. ಹೋಗುವಾಗ ಒಡವೆಗಳನ್ನು ಅಲ್ಲೇ ಇಟ್ಟು ಹೋಗುತ್ತಾಳೆ. ಶರ್ವಿಲಕನೆಂಬ ಕಳ್ಳ ಗೋಡೆಗೆ ಕನ್ನ ಕೊರೆದು ಆ ಗಂಟನ್ನೇ ಹೊತ್ತೊಯ್ಯುತ್ತಾನೆ. ಅವನ ಗುರಿ ಹಣವಲ್ಲ. ವಸಂತಸೇನೆಯ ದಾಸಿ ಮದನಿಕೆಯನ್ನು ಬಿಡಿಸಿಕೊಂಡು ಮದುವೆಯಾಗುವುದು.

ಇದರ ಜೊತೆಗೇ ರಾಜ್ಯದ ಕಥೆಯೂ ಸಾಗುತ್ತದೆ. ಗೊಲ್ಲರ ಹುಡುಗ ಆರ್ಯಕ ಮುಂದೆ ರಾಜನಾಗುತ್ತಾನೆಂಬ ಭವಿಷ್ಯಕ್ಕೆ ಹೆದರಿ ಪಾಲಕ ಅವನನ್ನು ಸೆರೆಗೆ ಹಾಕಿರುತ್ತಾನೆ. ಸೆರೆಯಿಂದ ತಪ್ಪಿಸಿಕೊಂಡ ಆರ್ಯಕ ಚಾರುದತ್ತನ ಎತ್ತಿನ ಗಾಡಿ ಏರುತ್ತಾನೆ. ಚಾರುದತ್ತನನ್ನು ಕಾಣಲು ಹೊರಟ ವಸಂತಸೇನೆ ತಿಳಿಯದೆ ಶಕಾರನ ಗಾಡಿ ಏರುತ್ತಾಳೆ. ಪುಷ್ಪಕರಂಡಕ ಉದ್ಯಾನದಲ್ಲಿ ಶಕಾರ ಅವಳ ಕತ್ತು ಹಿಸುಕಿ, ಸತ್ತಳೆಂದುಕೊಂಡು ತರಗೆಲೆ ಮುಚ್ಚಿ, ಕೊಲೆಯ ಆರೋಪವನ್ನು ಚಾರುದತ್ತನ ತಲೆಗೆ ಕಟ್ಟುತ್ತಾನೆ. ಹಿಂದೊಮ್ಮೆ ವಸಂತಸೇನೆಯಿಂದ ಉಪಕಾರ ಪಡೆದು, ಜೂಜು ಬಿಟ್ಟು ಬೌದ್ಧ ಭಿಕ್ಷುವಾಗಿದ್ದ ಸಂವಾಹಕ ಅವಳನ್ನು ಬದುಕಿಸುತ್ತಾನೆ. ವಧಸ್ಥಾನದಲ್ಲಿ ಕತ್ತಿ ಎತ್ತುವ ಹೊತ್ತಿಗೆ ಅವಳು ಓಡಿ ಬರುತ್ತಾಳೆ. ಅಷ್ಟರಲ್ಲಿ ರಾಜ್ಯವೂ ಪಾಲಕನ ಕೈತಪ್ಪಿ ಆರ್ಯಕನ ಕೈ ಸೇರಿರುತ್ತದೆ. ಚಾರುದತ್ತ ಶಕಾರನನ್ನು ಕ್ಷಮಿಸಿ ಬಿಟ್ಟುಬಿಡುತ್ತಾನೆ.

ಭಾಸನ ಹೆಸರಿನಲ್ಲಿ ತಿರುವನಂತಪುರದಿಂದ ಬೆಳಕಿಗೆ ಬಂದ ‘ಚಾರುದತ್ತ’ ಎಂಬ ನಾಲ್ಕು ಅಂಕಗಳ ನಾಟಕ ಇದೇ ಕಥೆಯ ಮೊದಲ ಭಾಗವನ್ನು ಹೇಳುತ್ತದೆ. ಎರಡರ ನಡುವಿನ ಹೋಲಿಕೆ ಸಂಸ್ಕೃತ ವಿದ್ವಾಂಸರ ನಡುವೆ ದೊಡ್ಡ ಚರ್ಚೆಗೆ ಕಾರಣವಾಗಿದೆ. ಶೂದ್ರಕ ಯಾರು, ಯಾವ ಕಾಲದವನು ಎಂಬುದರ ಮೇಲೂ ಒಮ್ಮತವಿಲ್ಲ. ನಾಟಕದ ಪ್ರಸ್ತಾವನೆ ಅವನನ್ನು ರಾಜನೆಂದು ಕರೆದು, ನೂರು ವರ್ಷ ಹತ್ತು ದಿನ ಬದುಕಿ ಅಗ್ನಿಪ್ರವೇಶ ಮಾಡಿದನೆಂದು ಹೇಳುತ್ತದೆ. ಕವಿಯ ಸಾವನ್ನು ಕವಿಯ ನಾಟಕವೇ ವರದಿ ಮಾಡುವ ಈ ವಿಚಿತ್ರ ಎಲ್ಲ ವ್ಯಾಖ್ಯಾನಕಾರರನ್ನೂ ಕಾಡಿದೆ.

ಬಂಡಿಯ ಪ್ರಸಂಗ

ಆರನೆಯ ಅಂಕದ ಮೊದಲ ಭಾಗದಲ್ಲೇ ಮಗುವಿನ ಅಳು ಕೇಳುತ್ತದೆ. ರೋಹಸೇನ ನೆರೆಮನೆಯ ಹುಡುಗನ ಚಿನ್ನದ ಆಟಿಕೆ ಬಂಡಿಯೊಂದಿಗೆ ಆಡಿದ್ದಾನೆ. ಆ ಹುಡುಗ ಅದನ್ನು ಮರಳಿ ಕಿತ್ತುಕೊಂಡಿದ್ದಾನೆ. ಮನೆಯ ದಾಸಿ ರದನಿಕೆ ಸಮಾಧಾನಕ್ಕೆಂದು ಮಣ್ಣಿನ ಬಂಡಿ ಮಾಡಿಕೊಟ್ಟರೆ ಹುಡುಗ ಅದನ್ನು ಒಲ್ಲ. ಅವನಿಗೆ ಚಿನ್ನದ್ದೇ ಬೇಕು. ಒಂದು ಕಾಲಕ್ಕೆ ಆ ಮನೆಯಲ್ಲಿ ಚಿನ್ನಕ್ಕೇನೂ ಕೊರತೆ ಇರಲಿಲ್ಲ. ಈಗ ಇರುವುದು ಮಣ್ಣು ಮಾತ್ರ.

ಹಿಂದಿನ ರಾತ್ರಿ ಮಳೆಯಲ್ಲಿ ಬಂದು ಅಲ್ಲೇ ತಂಗಿದ್ದ ವಸಂತಸೇನೆ ಮಗುವನ್ನು ನೋಡುತ್ತಾಳೆ. ಅವಳನ್ನು ತಾಯಿ ಎಂದು ಪರಿಚಯಿಸಿದರೆ ಮಗು ನಂಬುವುದಿಲ್ಲ: ತಾಯಿಯಾದರೆ ಮೈಮೇಲೆ ಇಷ್ಟು ಒಡವೆ ಏಕೆ? ವಸಂತಸೇನೆ ಅಳುತ್ತ ಒಡವೆಗಳನ್ನೆಲ್ಲ ಬಿಚ್ಚಿ ಮಣ್ಣಿನ ಬಂಡಿಗೆ ತುಂಬುತ್ತಾಳೆ, ಚಿನ್ನದ ಬಂಡಿ ಮಾಡಿಸಿಕೊ ಎನ್ನುತ್ತಾಳೆ.

ಇದು ಕರುಳು ಹಿಂಡುವ ದೃಶ್ಯ ಮಾತ್ರವಲ್ಲ, ಕಥೆಯ ಕೀಲಿಯೂ ಹೌದು. ಆ ಒಡವೆಗಳನ್ನು ಅವಳಿಗೆ ಹಿಂತಿರುಗಿಸಲು ಹೊರಟ ಮೈತ್ರೇಯ ನ್ಯಾಯಾಲಯಕ್ಕೆ ಬಂದಾಗ, ಶಕಾರನೊಂದಿಗಿನ ಜಗಳದಲ್ಲಿ ಅವು ಅವನ ಕಂಕುಳಿನಿಂದ ಜಾರಿ ಎಲ್ಲರ ಮುಂದೆ ಬೀಳುತ್ತವೆ. ಕೊಲೆಯಾದಳೆನ್ನಲಾದ ಹೆಂಗಸಿನ ಒಡವೆ ಆರೋಪಿಯ ಗೆಳೆಯನ ಬಳಿ! ಚಾರುದತ್ತನ ಮೇಲಿನ ಆರೋಪ ಗಟ್ಟಿಯಾಗುವುದು ಅಲ್ಲಿಂದಲೇ. ಮಗುವಿಗೆ ಕೊಟ್ಟ ಒಡವೆ ತಂದೆಯನ್ನು ವಧಸ್ಥಾನಕ್ಕೆ ಕಳಿಸುತ್ತದೆ. ಕೊನೆಯ ಅಂಕದಲ್ಲಿ ತಂದೆಯ ಬದಲು ತನ್ನನ್ನು ಕೊಲ್ಲಿ ಎಂದು ಚಾಂಡಾಲರನ್ನು ಬೇಡುವವನೂ ಅದೇ ಹುಡುಗ.

ಮಾತು ತೆಗೆದರೆ ಉಳಿಯುವುದು

ನಾಟಕದ ಮಾತಿನ ಸಿರಿ ದೊಡ್ಡದು. ಚಾರುದತ್ತ ಸಂಸ್ಕೃತ ಆಡಿದರೆ ಉಳಿದ ಹೆಚ್ಚಿನವರು ಬಗೆಬಗೆಯ ಪ್ರಾಕೃತ ಆಡುತ್ತಾರೆ. ವ್ಯಾಖ್ಯಾನಕಾರ ಪೃಥ್ವೀಧರ ಶೌರಸೇನಿ, ಅವಂತಿ, ಪ್ರಾಚ್ಯ, ಮಾಗಧಿಗಳ ಜೊತೆಗೆ ಶಕಾರಿ, ಚಾಂಡಾಲಿ, ಢಕ್ಕಿ ಎಂಬ ಪ್ರಭೇದಗಳನ್ನೂ ಎಣಿಸುತ್ತಾನೆ. ಶಕಾರನ ಹಾಸ್ಯವಂತೂ ಪೂರ್ತಿ ಬಾಯಿಯದೇ: ರಾಮಾಯಣದವರನ್ನು ಮಹಾಭಾರತಕ್ಕೂ ಅಲ್ಲಿಯವರನ್ನು ಇಲ್ಲಿಗೂ ಎಳೆದು, ಉಪಮೆಗಳನ್ನು ತಲೆಕೆಳಗು ಮಾಡಿ ಮಾತಾಡುತ್ತಾನೆ. ಮೂಕಿ ಚಿತ್ರದಲ್ಲಿ ಇದಿಷ್ಟೂ ಸೊನ್ನೆ.

ಆದರೆ ಶೂದ್ರಕ ಕಥೆಯನ್ನು ಮಾತಿನಿಂದ ಮಾತಿಗೆ ದಾಟಿಸಿದ್ದಕ್ಕಿಂತ ವಸ್ತುವಿನಿಂದ ವಸ್ತುವಿಗೆ ದಾಟಿಸಿದ್ದೇ ಹೆಚ್ಚು. ಅಂಕಗಳನ್ನು ಒಂದೊಂದಾಗಿ ನೋಡಿದರೆ ಇದು ಕಣ್ಣಿಗೆ ಹೊಡೆಯುತ್ತದೆ. ಮೊದಲ ಅಂಕದಲ್ಲಿ ದೀಪ ಆರುತ್ತದೆ, ಕತ್ತಲಲ್ಲಿ ಶಕಾರ ಒಬ್ಬರನ್ನು ಹಿಡಿಯಲು ಹೋಗಿ ಇನ್ನೊಬ್ಬರನ್ನು ಹಿಡಿಯುತ್ತಾನೆ. ಎರಡರಲ್ಲಿ ಮದವೇರಿದ ಆನೆ, ಮಲ್ಲಿಗೆಯ ಕಂಪಿನ ಉತ್ತರೀಯ. ಮೂರರಲ್ಲಿ ಕನ್ನ: ಕಳ್ಳನ ಬಳಿ ಅಳತೆಯ ಹುರಿ ಇಲ್ಲ, ಅದಕ್ಕೆ ಜನಿವಾರವನ್ನೇ ಹುರಿಯಾಗಿ ಹಿಡಿದು ಗೋಡೆ ಅಳೆಯುತ್ತಾನೆ, ತೂತು ಕಮಲದಂತಿರಲೋ ಚಂದ್ರನಂತಿರಲೋ ಪೂರ್ಣಕುಂಭದಂತಿರಲೋ ಎಂದು ಶಿಲ್ಪಿಯ ಹಾಗೆ ಯೋಚಿಸುತ್ತಾನೆ. ನಾಲ್ಕರಲ್ಲಿ ಧೂತೆಯ ರತ್ನಹಾರ, ಐದರಲ್ಲಿ ಮಳೆ, ಆರರಲ್ಲಿ ಆಟಿಕೆ ಬಂಡಿ ಮತ್ತು ಅದಲುಬದಲಾದ ಎತ್ತಿನ ಗಾಡಿಗಳು, ಏಳರಲ್ಲಿ ಆರ್ಯಕನ ಕಾಲಿನ ಬೇಡಿ, ಎಂಟರಲ್ಲಿ ತರಗೆಲೆಯ ರಾಶಿ, ಒಂಬತ್ತರಲ್ಲಿ ನೆಲಕ್ಕೆ ಬಿದ್ದ ಒಡವೆ, ಹತ್ತರಲ್ಲಿ ಕೈಜಾರುವ ಕತ್ತಿ.

ಸಂಭಾಷಣೆ ಒಂದೂ ಕೇಳಿಸದಿದ್ದರೂ ಇವನ್ನು ಸಾಲಾಗಿ ತೋರಿಸಿದರೆ ಕಥೆ ಮುಕ್ಕಾಲು ಪಾಲು ತಿಳಿಯುತ್ತದೆ. ಶಾಕುಂತಲಕ್ಕೆ ಈ ಅನುಕೂಲ ಅಷ್ಟಿಲ್ಲ. ಅಲ್ಲಿ ಉಂಗುರವೊಂದನ್ನು ಬಿಟ್ಟರೆ ಭಾರವೆಲ್ಲ ಕಾವ್ಯದ ಮೇಲೆ. ಭಾರತದ ಮೂಕಿ ತಯಾರಕರು ಮೃಚ್ಛಕಟಿಕಕ್ಕೆ ಮತ್ತೆ ಮತ್ತೆ ಕೈ ಹಾಕಿದ್ದು ಇದರಿಂದಲೇ ಇರಬೇಕು. ಅಮೆರಿಕದಲ್ಲಿ ಸಿನಿಮಾ ಕೆಲಸ ಕಲಿತು ಬಂದ ಸುಚೇತ್ ಸಿಂಗ್ 1920ರಲ್ಲೇ ಇದನ್ನು ತೆರೆಗೆ ತಂದಿದ್ದರು.

ಹೊರದೇಶಗಳ ರಂಗಭೂಮಿಯೂ ನಾಟಕವನ್ನು ಆ ಹೊತ್ತಿಗೆ ಬಲ್ಲದಾಗಿತ್ತು. ಆರ್ಥರ್ ರೈಡರ್ ಅವರ ಇಂಗ್ಲಿಷ್ ಅನುವಾದ ‘ದಿ ಲಿಟಲ್ ಕ್ಲೇ ಕಾರ್ಟ್’ 1905ರಲ್ಲಿ ಪ್ರಕಟವಾಗಿ 1924ರಲ್ಲಿ ನ್ಯೂಯಾರ್ಕಿನ ನೇಬರ್‌ಹುಡ್ ಪ್ಲೇಹೌಸ್‌ನಲ್ಲಿ ರಂಗವೇರಿತು. ಜರ್ಮನಿಯಲ್ಲಿ ಲಿಯೋನ್ ಫಾಯ್ಕ್ಟ್‌ವಾಂಗರ್ 1916ರಲ್ಲಿ ‘ವಸಂತಸೇನಾ’ ಎಂದೇ ರೂಪಾಂತರ ಮಾಡಿದ್ದರು.

ನಿರ್ದೇಶಕ ಭವನಾನಿ

ಮೋಹನ್ ಭವನಾನಿ ಸಿಂಧಿ. ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ ಓದಿ, ಜರ್ಮನಿಯಲ್ಲಿ ಚಿತ್ರ ತಯಾರಿಕೆ ಕಲಿತು ಬಂದವರು. ಮುಂಬಯಿಯ ಕೊಹಿನೂರ್ ಕಂಪನಿಗೆ ನಿರ್ದೇಶಕರಾಗಿ ಸೇರಿ ‘ಸಿನೆಮಾ ಕ್ವೀನ್’, ‘ವೀರಬಾಲಾ’ (1925) ಮಾಡಿದರು. ಟೆಲಿಫೋನ್ ಆಪರೇಟರ್ ಆಗಿದ್ದ ರೂಬಿ ಮೈಯರ್ಸ್ ಅವರನ್ನು ಸುಲೋಚನಾ ಎಂಬ ಹೆಸರಿನಿಂದ ತೆರೆಗೆ ತಂದವರಲ್ಲಿ ಅವರೇ ಪ್ರಮುಖರು. 1927ರ ‘ವೈಲ್ಡ್‌ಕ್ಯಾಟ್ ಆಫ್ ಬಾಂಬೆ’ಯಲ್ಲಿ ಸುಲೋಚನಾ ಎಂಟು ವೇಷ ಹಾಕಿ ಹೆಸರಾದರು.

ವಾಕ್ಚಿತ್ರ ಬಂದ ಮೇಲೆ ಭವನಾನಿ ಪ್ರೇಮಚಂದರಿಂದ ಕಥೆ ಬರೆಸಿ ‘ಮಜ್ದೂರ್’ (1934) ತೆಗೆದರು. ಗಿರಣಿ ಕಾರ್ಮಿಕರ ಮುಷ್ಕರದ ಕಥೆಯಾದ್ದರಿಂದ ಅದು ಸೆನ್ಸಾರಿನ ಕೈಗೆ ಸಿಕ್ಕಿ ಒದ್ದಾಡಿತು. ಸ್ವಾತಂತ್ರ್ಯಾನಂತರ ಸರ್ಕಾರದ ಫಿಲ್ಮ್ಸ್ ಡಿವಿಷನ್ ಹುಟ್ಟಿದಾಗ ಅದರ ಮುಖ್ಯ ನಿರ್ಮಾಪಕರಾದರು. ಸಿನಿಮಾ ಮಂದಿರಗಳಲ್ಲಿ ಮುಖ್ಯ ಚಿತ್ರಕ್ಕೆ ಮುಂಚೆ ತೋರಿಸುತ್ತಿದ್ದ ಸರ್ಕಾರಿ ವಾರ್ತಾಚಿತ್ರಗಳ ಪರಂಪರೆಯ ಮೊದಲ ಘಟ್ಟದಲ್ಲಿ ಅವರ ಹೆಸರಿದೆ. ‘ವಸಂತಸೇನಾ’ ಈ ಎರಡು ಬದುಕುಗಳ ನಡುವಿನ ಚಿತ್ರ: ಮುಂಬಯಿಯ ಕಂಪನಿ ಸಿನಿಮಾ ಬಿಟ್ಟು, ಓದುಬರಹ ಬಲ್ಲವರನ್ನೂ ರಂಗಭೂಮಿಯವರನ್ನೂ ಕೂಡಿಸಿಕೊಂಡು ಮಾಡಿದ್ದು.

ತೆರೆಯ ಮೇಲಿದ್ದವರು

ಏಣಾಕ್ಷಿ ರಾಮರಾವ್ ವಸಂತಸೇನೆಯಾಗುವ ಮುಂಚೆಯೇ ದೇಶದಾಚೆಗೂ ಪರಿಚಿತರಾಗಿದ್ದರು. ಹಿಮಾಂಶು ರಾಯ್ ನಿರ್ಮಿಸಿ, ಜರ್ಮನಿಯ ಫ್ರಾಂಜ್ ಆಸ್ಟೆನ್ ನಿರ್ದೇಶಿಸಿದ ‘ಶಿರಾಜ್’ (1928) ಚಿತ್ರದಲ್ಲಿ ಮುಮ್ತಾಜ್ ಮಹಲ್ ಆದವರು ಅವರೇ. ಮುಂದೆ ಭವನಾನಿಯವರನ್ನು ಮದುವೆಯಾಗಿ, ಏಣಾಕ್ಷಿ ಭವನಾನಿ ಎಂಬ ಹೆಸರಿನಿಂದ ಭಾರತೀಯ ನೃತ್ಯದ ಮೇಲೆ ಇಂಗ್ಲಿಷಿನಲ್ಲಿ ಪುಸ್ತಕ ಬರೆದರು.

ಕಮಲಾದೇವಿ ಚಟ್ಟೋಪಾಧ್ಯಾಯರು 1903ರಲ್ಲಿ ಮಂಗಳೂರಿನಲ್ಲಿ ಹುಟ್ಟಿದವರು. ಬಾಲ್ಯದಲ್ಲೇ ಮದುವೆಯಾಗಿ ಬಾಲ್ಯದಲ್ಲೇ ವಿಧವೆಯಾದರು. ಮತ್ತೆ ಕವಿ, ನಟ ಹರೀಂದ್ರನಾಥರನ್ನು ಮದುವೆಯಾದದ್ದು ಆ ಕಾಲಕ್ಕೆ ಊರೆಲ್ಲ ಆಡಿಕೊಳ್ಳುವ ಸುದ್ದಿ. 1926ರಲ್ಲಿ ಮದರಾಸು ಶಾಸನಸಭೆಗೆ ಸ್ಪರ್ಧಿಸಿ ಅಲ್ಪ ಮತದಲ್ಲಿ ಸೋತರು. ದೇಶದಲ್ಲಿ ಶಾಸನಸಭೆಯ ಚುನಾವಣೆಗೆ ನಿಂತ ಮೊದಲ ಮಹಿಳೆ ಎಂಬ ಹೆಸರು ಅವರದು. 1930ರಲ್ಲಿ ಉಪ್ಪಿನ ಸತ್ಯಾಗ್ರಹಕ್ಕೆ ಇಳಿದರು. ಅಂದರೆ ಸೆರೆಮನೆಯ ದಿನಗಳೂ ಈ ಚಿತ್ರದ ದಿನಗಳೂ ಒಂದರ ಪಕ್ಕ ಒಂದು ಬಂದಿವೆ. ಮರ್ಯಾದಸ್ಥ ಮನೆತನದ ಹೆಂಗಸರು ಕ್ಯಾಮೆರಾ ಮುಂದೆ ನಿಲ್ಲಬಾರದೆಂಬ ಕಟ್ಟುಪಾಡು ಬಿಗಿಯಾಗಿದ್ದ ಕಾಲ ಅದು. ತಯಾರಕರು ಸ್ತ್ರೀಪಾತ್ರಗಳಿಗೆ ಆಂಗ್ಲೋ ಇಂಡಿಯನ್ ನಟಿಯರನ್ನು ಹುಡುಕುತ್ತಿದ್ದರು. ಗಣಿಕೆಯೇ ನಾಯಕಿಯಾದ ನಾಟಕದಲ್ಲಿ ರಾಜಕೀಯದ ಮುಂಚೂಣಿಯ ಹೆಂಗಸೊಬ್ಬರು ಮುಖ ತೋರಿಸಿದ್ದು ಆ ಕಟ್ಟುಪಾಡಿಗೆ ಕೊಟ್ಟ ನೇರ ಪೆಟ್ಟು. ಕಮಲಾದೇವಿ ಮುಂದೆ ಸೈಗಲ್‌ರ ‘ತಾನ್‌ಸೇನ್’ (1943) ಸೇರಿದಂತೆ ಕೆಲವು ಹಿಂದಿ ಚಿತ್ರಗಳಲ್ಲೂ ಕಾಣಿಸಿಕೊಂಡರು. ಕೈಮಗ್ಗ, ಕರಕುಶಲ ಕಲೆಗಳಿಗೆ ಅವರು ಮಾಡಿದ ಕೆಲಸದ ಮುಂದೆ ಈ ನಟನೆಯ ಅಧ್ಯಾಯ ಮರೆತೇ ಹೋದಂತಾಗಿದೆ.

ಟಿ.ಪಿ. ಕೈಲಾಸಂ ಮೂಕಿ ಚಿತ್ರದಲ್ಲಿ ಇದ್ದರು ಎಂಬುದನ್ನು ಕೇಳಿದರೆ ಅವರ ನಾಟಕ ಬಲ್ಲವರಿಗೆ ನಗು ಬರುತ್ತದೆ. ಲಂಡನ್ನಿನಲ್ಲಿ ಭೂವಿಜ್ಞಾನ ಓದಿ ಬಂದು, ‘ಟೊಳ್ಳುಗಟ್ಟಿ’ಯಿಂದ ಶುರುಮಾಡಿ ಬೆಂಗಳೂರಿನ ಮಧ್ಯಮ ವರ್ಗದ ಮನೆಮಾತನ್ನು, ಇಂಗ್ಲಿಷ್ ಬೆರೆತ ಅದರ ಎಲ್ಲ ಕೊಂಕುಗಳೊಡನೆ ರಂಗಕ್ಕೆ ತಂದವರು ಅವರು. ಕೃತಿಗಳನ್ನು ಸ್ವತಃ ಬರೆಯುವುದಕ್ಕಿಂತ ಹೇಳಿ ಬರೆಸಿದ್ದೇ ಹೆಚ್ಚು. ಬಾಯಿಯೇ ಬಂಡವಾಳವಾದ ಕಲಾವಿದರಿಂದ ಭವನಾನಿಗೆ ಸಿಕ್ಕಿದ್ದು ಮುಖ ಮತ್ತು ಮೈ ಮಾತ್ರ. ಕನ್ನಡ ವಾಕ್ಚಿತ್ರ ಇನ್ನು ನಾಲ್ಕೈದು ವರ್ಷ ಮೊದಲೇ ಬಂದಿದ್ದರೆ ಕೈಲಾಸಂ ಅವರ ಮಾತು ಮುದ್ರಿತವಾಗಿ ಉಳಿಯುತ್ತಿತ್ತೇನೋ.

ಬೆಂಗಳೂರಿನ ಮೂಕಿ ದಿನಗಳು

ಮೂಕಿ ಚಿತ್ರಕ್ಕೆ ಭಾಷೆಯ ಗಡಿ ಇಲ್ಲ. ಬೆಂಗಳೂರಿನಲ್ಲಿ ತೆಗೆದದ್ದು ಲಾಹೋರಿನಲ್ಲೂ ಓಡಬಹುದು, ಮುಂಬಯಿಯದು ಮಂಗಳೂರಿನಲ್ಲೂ ಓಡಬಹುದು. ಆದ್ದರಿಂದ ಒಂದು ಮೂಕಿಯನ್ನು ಕನ್ನಡದ್ದೆಂದು ಕರೆಯುವಾಗ ನಾವು ನೋಡುವುದು ಅದನ್ನು ಮಾಡಿದ ಜನ ಯಾರು, ಊರು ಯಾವುದು ಎಂಬುದನ್ನು. 1920ರ ದಶಕದ ಕೊನೆಗೆ ಹರಿಭಾಯಿ ದೇಸಾಯಿ ಬೆಂಗಳೂರಿನಲ್ಲಿ ಸೂರ್ಯ ಫಿಲ್ಮ್ ಕಂಪನಿ ನಡೆಸುತ್ತಿದ್ದರು. ಗುಬ್ಬಿ ವೀರಣ್ಣನವರು ನಾಟಕದ ಗಳಿಕೆಯನ್ನು ಸಿನಿಮಾಕ್ಕೆ ಸುರಿದು ‘ಹಿಸ್ ಲವ್ ಅಫೇರ್’, ‘ಹರಿಮಾಯೆ’ ಎಂಬ ಮೂಕಿಗಳಿಗೆ ಕೈ ಹಾಕಿದರು. ಮೊದಲನೆಯದರ ನಿರ್ದೇಶಕರು ಬೆಲ್ಜಿಯಂನ ರಾಫೆಲ್ ಆಲ್ಗೋಎಟ್.

ಕಾಲ ಮಾತ್ರ ಕೈಕೊಟ್ಟಿತು. 1931ರ ಮಾರ್ಚ್ 14ರಂದು ಮುಂಬಯಿಯ ಮೆಜೆಸ್ಟಿಕ್‌ನಲ್ಲಿ ‘ಆಲಂ ಆರಾ’ ಬಿಡುಗಡೆಯಾಯಿತು. ಮಾತು, ಹಾಡು ಕೇಳಿದ ಪ್ರೇಕ್ಷಕರು ಮತ್ತೆ ಮೂಕಿಯ ಕಡೆ ಹೊರಳಲಿಲ್ಲ. ‘ವಸಂತಸೇನಾ’ ಆ ತಿರುವಿನ ಬಾಯಿಯಲ್ಲೇ ಬಂದ ಚಿತ್ರ. 1934ರಲ್ಲಿ ‘ಸತಿ ಸುಲೋಚನಾ’ ಕನ್ನಡದ ಮೊದಲ ವಾಕ್ಚಿತ್ರವಾಗಿ ತೆರೆಕಂಡಿತು. ಅದೇ ವರ್ಷ ಬಂದ ‘ಭಕ್ತ ಧ್ರುವ’ದಲ್ಲಿ ಕಥಾನಾಯಕನೇ ಒಬ್ಬ ಹುಡುಗ.

ಮೂಕಿ ನೋಡುವುದೆಂದರೆ

ಮೂಕಿ ಎಂದ ಮಾತ್ರಕ್ಕೆ ಮಂದಿರದಲ್ಲಿ ಸದ್ದಿಲ್ಲ ಎಂದಲ್ಲ. ತೆರೆಯ ಬಳಿ ಹಾರ್ಮೋನಿಯಂ, ತಬಲಾದವರು ಕೂರುತ್ತಿದ್ದರು. ಹೊಡೆದಾಟಕ್ಕೆ ಒಂದು ಗತಿ, ಅಳುವಿಗೆ ಒಂದು ರಾಗ. ದೃಶ್ಯಗಳ ನಡುವೆ ಸಂಭಾಷಣೆ, ವಿವರಣೆಯ ಬರಹದ ಫಲಕಗಳು ಬರುತ್ತಿದ್ದವು. ಒಂದೇ ಫಲಕದ ಮೇಲೆ ಇಂಗ್ಲಿಷಿನ ಜೊತೆ ಎರಡು ಮೂರು ದೇಶಭಾಷೆಗಳು. 1931ರ ಜನಗಣತಿಯ ಪ್ರಕಾರ ಭಾರತದಲ್ಲಿ ಅಕ್ಷರಸ್ಥರು ನೂರಕ್ಕೆ ಹತ್ತಕ್ಕಿಂತ ಕಡಿಮೆ. ಹಾಗಾಗಿ ಫಲಕ ಓದಿ ಹೇಳಲು ಒಬ್ಬ ಬೇಕಾಗುತ್ತಿದ್ದ. ಅವನು ಓದುತ್ತಿದ್ದದ್ದಷ್ಟೇ ಅಲ್ಲ. ಹರಿಕಥೆ ದಾಸರ ಧಾಟಿಯಲ್ಲಿ ಕಥೆ ಬೆಳೆಸುತ್ತಿದ್ದ, ಖಳನನ್ನು ಬೈಯುತ್ತಿದ್ದ. ಹೀಗೆ ತೆರೆ ಕಳೆದುಕೊಂಡ ಮಾತು ಮಂದಿರದಲ್ಲಿ ಸ್ಥಳೀಯ ನುಡಿಯಲ್ಲಿ ಮರಳಿ ಬರುತ್ತಿತ್ತು. ಬಳ್ಳಾರಿಯ ಡೇರೆಯಲ್ಲಿ ಒಂದು ಬಗೆ, ಧಾರವಾಡದಲ್ಲಿ ಇನ್ನೊಂದು ಬಗೆ.

ಫಿಲ್ಮು 35 ಮಿಲಿಮೀಟರಿನದು. ಸಾವಿರ ಅಡಿಯ ಒಂದು ರೀಲು, ಸೆಕೆಂಡಿಗೆ 16 ಚೌಕಟ್ಟಿನ ವೇಗದಲ್ಲಿ, ಹದಿನಾರು ನಿಮಿಷಕ್ಕೆ ತುಸು ಮೇಲೆ ಓಡುತ್ತದೆ. ಒಂದೇ ಪ್ರೊಜೆಕ್ಟರ್ ಇದ್ದ ಕಡೆ ರೀಲು ಮುಗಿದಾಗಲೆಲ್ಲ ದೀಪ ಹತ್ತಬೇಕು.

ಹೈದರಾಬಾದಿನ ಅನುಭವ

ರಾಯಚೂರು, ಕಲಬುರಗಿ, ಬೀದರ್ ಸೀಮೆಯ ಕನ್ನಡಿಗರು ಆಗ ನಿಜಾಮರ ಸಂಸ್ಥಾನದ ಪ್ರಜೆಗಳು. ಅವರ ರಾಜಧಾನಿ ಹೈದರಾಬಾದಿನಲ್ಲಿ ಬೆಂಗಳೂರಿಗಿಂತ ಮುಂಚೆಯೇ ಮೂಕಿ ಕಂಪನಿಯೊಂದು ತಲೆಯೆತ್ತಿತ್ತು. ಅಲ್ಲಿನ ಕಲಾಶಾಲೆಯಲ್ಲಿ ಅಧ್ಯಾಪಕರಾಗಿದ್ದ ಬಂಗಾಳದ ಧೀರೇಂದ್ರನಾಥ ಗಂಗೂಲಿ, ಕಲ್ಕತ್ತೆಯಲ್ಲಿ ‘ಬಿಲೇತ್ ಫೇರತ್’ (1921) ಎಂಬ ಹಾಸ್ಯ ಚಿತ್ರ ಮಾಡಿ ಗೆದ್ದ ಮೇಲೆ, ನಿಜಾಮರ ಆಶ್ರಯದಲ್ಲಿ ಹೈದರಾಬಾದಿನಲ್ಲಿ ಲೋಟಸ್ ಫಿಲ್ಮ್ ಕಂಪನಿ ಕಟ್ಟಿದರು. ‘ಇಂದ್ರಜಿತ್’, ‘ಲೇಡಿ ಟೀಚರ್’, ‘ಮ್ಯಾರೇಜ್ ಟಾನಿಕ್’ ಮುಂತಾದ ಚಿತ್ರಗಳು ಅಲ್ಲಿ ತಯಾರಾದವು. ‘ಬಿಮಾತಾ’ ಎಂಬುದು ಮಲತಾಯಿಯ ಕಾಟಕ್ಕೆ ಸಿಕ್ಕ ವಿಜಯ, ವಸಂತರೆಂಬ ರಾಜಕುಮಾರರ ಕಥೆ. ಬಂಗಾಳದ ಮಕ್ಕಳು ಅಜ್ಜಿಯರಿಂದ ಕೇಳುತ್ತಿದ್ದ ಬಗೆಯದು.

ಈ ಕಂಪನಿ ಬಹುಕಾಲ ಬಾಳಲಿಲ್ಲ. ಗಂಗೂಲಿ 1924ರಲ್ಲಿ ತಮ್ಮ ಚಿತ್ರಮಂದಿರದಲ್ಲಿ ‘ರಜಿಯಾ ಬೇಗಂ’ ಎಂಬ ಮುಂಬಯಿಯ ಚಿತ್ರ ತೋರಿಸಿದರು. ಮುಸ್ಲಿಂ ರಾಣಿ ಹಿಂದೂ ಯುವಕನನ್ನು ಪ್ರೀತಿಸುವ ಕಥೆ ನಿಜಾಮರ ಕೋಪಕ್ಕೆ ಗುರಿಯಾಯಿತು. ಸಂಸ್ಥಾನ ಬಿಟ್ಟು ತೊಲಗಬೇಕೆಂದು ಆಜ್ಞೆಯಾಯಿತು. ಗಂಗೂಲಿ ಕಲ್ಕತ್ತೆಗೆ ಮರಳಿ ಮತ್ತೆ ಬೇರೂರಿದರು, 1975ರ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಪಡೆದರು. ಬ್ರಾಹ್ಮಣ ವರ್ತಕ ಮತ್ತು ಗಣಿಕೆಯ ಪ್ರೇಮದ ಜೊತೆಗೆ ರಾಜನನ್ನೇ ಉರುಳಿಸುವ ಗೊಲ್ಲನ ಕಥೆಯೂ ಇರುವ ‘ವಸಂತಸೇನಾ’ಕ್ಕೆ ಕೈ ಹಾಕಿದವರು ಎಷ್ಟು ಜಾರುವ ನೆಲದ ಮೇಲೆ ನಿಂತಿದ್ದರು ಎಂಬುದಕ್ಕೆ ಈ ಪ್ರಸಂಗ ಸಾಕ್ಷಿ.

ಅದೇ ಕಾಲದ ಮಕ್ಕಳ ಕೃತಿಗಳು

ಮಾತಿನ ಕೃತಿಯನ್ನು ಮೂಕ ತೆರೆಗೆ ತರುವ ತೊಡಕು ಪಶ್ಚಿಮದ ಮಕ್ಕಳ ಕಾದಂಬರಿಗಳಿಗೂ ಎದುರಾಗಿತ್ತು. ಲೂಯಿಸ್ ಕ್ಯಾರೊಲ್‌ನ ಆಲಿಸ್ ಕಥೆ (1865) ಆದಿಯಿಂದ ಅಂತ್ಯದವರೆಗೆ ಮಾತಿನ ಚೇಷ್ಟೆ. ನಾ. ಕಸ್ತೂರಿಯವರು ಅದನ್ನು ‘ಪಾತಾಳದಲ್ಲಿ ಪಾಪಚ್ಚಿ’ಯಾಗಿ ಕನ್ನಡಕ್ಕೆ ತಂದಾಗ ಆ ಚೇಷ್ಟೆಯನ್ನು ಹೊಸದಾಗಿಯೇ ಕಟ್ಟಬೇಕಾಯಿತು. ಇಂಗ್ಲೆಂಡಿನ ಸೆಸಿಲ್ ಹೆಪ್‌ವರ್ತ್, ಪರ್ಸಿ ಸ್ಟೋ ಜೋಡಿ 1903ರಲ್ಲೇ ಅದನ್ನು ಸುಮಾರು 800 ಅಡಿಯ, ಹನ್ನೆರಡು ನಿಮಿಷದ ಚಿತ್ರ ಮಾಡಿತು. ಆಗ ಇಂಗ್ಲೆಂಡಿನಲ್ಲಿ ತಯಾರಾದ ಅತಿ ಉದ್ದದ ಚಿತ್ರ ಅದೇ. ಆಲಿಸ್ ಆದವಳು ಮೇ ಕ್ಲಾರ್ಕ್. ಹೆಪ್‌ವರ್ತ್ ಕಪ್ಪೆ ಸೇವಕನ ವೇಷ ಹಾಕಿದರು, ಅವರ ಹೆಂಡತಿ ಬಿಳಿ ಮೊಲವಾದರು. ಮಾತಿನ ಚೇಷ್ಟೆ ಹೋದ ಜಾಗಕ್ಕೆ ಬಂದದ್ದು ಕ್ಯಾಮೆರಾದ ಚಳಕ: ಆಲಿಸ್ ಕುಗ್ಗುತ್ತಾಳೆ, ಹಿಗ್ಗುತ್ತಾಳೆ, ಕೈಯಲ್ಲಿದ್ದ ಮಗು ಹಂದಿಮರಿಯಾಗುತ್ತದೆ. ಪುಸ್ತಕಕ್ಕೆ ಜಾನ್ ಟೆನ್ನಿಯಲ್ ಬರೆದ ಚಿತ್ರಗಳನ್ನು ನೋಡಿಯೇ ವೇಷಭೂಷಣ ಹೊಲಿಸಿದ್ದರು.

ಹರ್ಬರ್ಟ್ ಬ್ರೆನನ್ ನಿರ್ದೇಶಿಸಿದ ‘ಪೀಟರ್ ಪ್ಯಾನ್’ (1924) ಇದೇ ದಾರಿಯ ಶಿಖರ. ಮೂಲ ಲೇಖಕ ಜೆ.ಎಂ. ಬ್ಯಾರಿಯೇ ಹದಿಹರೆಯದ ಬೆಟ್ಟಿ ಬ್ರಾನ್ಸನ್‌ಳನ್ನು ಪೀಟರ್ ಪಾತ್ರಕ್ಕೆ ಆರಿಸಿದರು. ಜಾರ್ಜ್ ಅಲಿ ಎಂಬ ಒಬ್ಬನೇ ನಟ ಚರ್ಮದ ವೇಷ ತೊಟ್ಟು ದಾದಿ ನಾಯಿಯೂ ಆದ, ಮೊಸಳೆಯೂ ಆದ. ಮರುವರ್ಷ ಬಂದ ‘ದಿ ವಿಜರ್ಡ್ ಆಫ್ ಆಜ್’ ಮಾತ್ರ ಕಥೆಯನ್ನು ಬದಿಗಿಟ್ಟು ಲ್ಯಾರಿ ಸೀಮನ್‌ನ ಬಿದ್ದು ಏಳುವ ಹಾಸ್ಯಕ್ಕೆ ಜಾರಿತು.

ಭಾರತದಲ್ಲಿ ಮಕ್ಕಳ ಕಾದಂಬರಿಯೇ ಆಗಿನ್ನೂ ಎಳೆಯದು. ಮಕ್ಕಳಿಗೆ ಗೊತ್ತಿದ್ದ ಕಥೆಗಳು ಪುರಾಣದವು. ಫಾಲ್ಕೆಯವರ ‘ಕಾಳಿಯ ಮರ್ದನ’ (1919) ಆ ಕೊರತೆ ತುಂಬಿತು. ಅವರ ಪುಟ್ಟ ಮಗಳು ಮಂದಾಕಿನಿ ಅದರಲ್ಲಿ ಬಾಲಕೃಷ್ಣನಾಗಿ ನೀರೊಳಗೆ ಕಾಳಿಂಗನೊಡನೆ ಸೆಣಸುತ್ತಾಳೆ.

ಕಳೆದುಹೋದ ರೀಲುಗಳು

ಭಾರತದಲ್ಲಿ ತಯಾರಾದ ಮೂಕಿ ಚಿತ್ರಗಳ ಸಂಖ್ಯೆ 1,300ಕ್ಕೂ ಹೆಚ್ಚು. ಪುಣೆಯ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯದಲ್ಲಿ ಪೂರ್ತಿಯಾಗಿಯೋ ತುಂಡಾಗಿಯೋ ಉಳಿದಿರುವವು ಕೆಲವೇ ಡಜನ್. ‘ವಸಂತಸೇನಾ’ದ ಪ್ರತಿ ಇಂದು ನೋಡಲು ಸಿಗುವುದಿಲ್ಲ. ಆ ಕಾಲದ ಫಿಲ್ಮಿನ ಆಧಾರ ನೈಟ್ರೇಟ್. ಅದು ಬೇಗ ಬೆಂಕಿ ಹಿಡಿಯುತ್ತದೆ, ಸುಮ್ಮನೆ ಇಟ್ಟರೂ ಸೆಕೆಗೆ ಮೆತ್ತಗಾಗಿ, ಅಂಟಂಟಾಗಿ, ಕೊನೆಗೆ ಪುಡಿಯಾಗುತ್ತದೆ. ಫಿಲ್ಮಿನ ಮೇಲಿನ ಲೇಪದಲ್ಲಿ ಬೆಳ್ಳಿ ಇದ್ದುದರಿಂದ ಓಡಿ ಸವೆದ ಪ್ರತಿಗಳನ್ನು ಬೆಳ್ಳಿ ತೆಗೆಯುವವರಿಗೆ ತೂಕಕ್ಕೆ ಮಾರುತ್ತಿದ್ದರು. ವಾಕ್ಚಿತ್ರ ಬಂದ ಮೇಲೆ ಹಳೆಯ ಮೂಕಿ ಯಾರಿಗೂ ಬೇಡದ ಸರಕು. ಇಡುವ ಜಾಗಕ್ಕೂ ದಂಡ.

ಮುಂದಿನ ವಸಂತಸೇನೆಯರು

ಕಥೆ ಮಾತ್ರ ಕನ್ನಡಿಗರ ಕೈಬಿಡಲಿಲ್ಲ. 1941ರಲ್ಲಿ ರಾಮಯ್ಯರ್ ಶಿರೂರು ನಿರ್ದೇಶನದಲ್ಲಿ ‘ವಸಂತಸೇನಾ’ ಕನ್ನಡ ವಾಕ್ಚಿತ್ರವಾಯಿತು. ವಸಂತಸೇನೆ ಲಕ್ಷ್ಮೀಬಾಯಿ, ಚಾರುದತ್ತ ಸುಬ್ಬಯ್ಯ ನಾಯ್ಡು, ಶಕಾರ ಆರ್. ನಾಗೇಂದ್ರರಾಯರು. ಮೂಕಿಯಲ್ಲಿ ಸೊನ್ನೆಯಾಗಿದ್ದ ಶಕಾರನ ಬಾಯಿಗೆ ಈಗ ಕಂಪನಿ ನಾಟಕದಲ್ಲಿ ಪಳಗಿದ ಕಂಠ ಸಿಕ್ಕಿತು. 1984ರಲ್ಲಿ ಗಿರೀಶ ಕಾರ್ನಾಡರು ಶಶಿ ಕಪೂರ್ ನಿರ್ಮಾಣದ ‘ಉತ್ಸವ್’ ಎಂಬ ಹಿಂದಿ ಚಿತ್ರಕ್ಕೆ ಇದೇ ಕಥೆ ಆರಿಸಿಕೊಂಡರು. ರೇಖಾ ವಸಂತಸೇನೆ, ಶೇಖರ್ ಸುಮನ್ ಚಾರುದತ್ತ, ಸ್ವತಃ ಶಶಿ ಕಪೂರ್ ಶಕಾರ. ಕನ್ನ ಕೊರೆಯುವ ಕಳ್ಳನಾಗಿ ಶಂಕರ್ ನಾಗ್.

ಮೂಲ ಮೂಕಿ ಸಿಗದಿದ್ದರೂ ಅದರ ಸುತ್ತಮುತ್ತಲನ್ನು ಕಣ್ಣಾರೆ ಕಾಣಲು ದಾರಿಗಳಿವೆ. ‘ಶಿರಾಜ್’ ಚಿತ್ರವನ್ನು ಬ್ರಿಟಿಷ್ ಫಿಲ್ಮ್ ಇನ್‌ಸ್ಟಿಟ್ಯೂಟ್ ದುರಸ್ತಿ ಮಾಡಿಸಿ, ಅನುಷ್ಕಾ ಶಂಕರ್ ಅವರಿಂದ ಸಂಗೀತ ಮಾಡಿಸಿ 2017ರಲ್ಲಿ ಹೊಸದಾಗಿ ತೋರಿಸಿತು. ಭವನಾನಿಯ ವಸಂತಸೇನೆ ಕಣ್ಣಿನಲ್ಲಿ, ಕೈಯಲ್ಲಿ ಹೇಗೆ ಅಭಿನಯಿಸುತ್ತಿದ್ದರು ಎಂಬುದು ಅದರಲ್ಲಿ ಕಾಣುತ್ತದೆ. 1903ರ ಆಲಿಸ್ ಚಿತ್ರದ ಉಳಿದ ಭಾಗವನ್ನು ಅದೇ ಸಂಸ್ಥೆ 2010ರಲ್ಲಿ ಅಂತರ್ಜಾಲಕ್ಕೆ ಹಾಕಿದೆ. ‘ಕಾಳಿಯ ಮರ್ದನ’ದ ಬಹುಭಾಗವೂ ಉಳಿದಿದೆ. ಈ ಮೂರನ್ನು ನೋಡಿ ಮೃಚ್ಛಕಟಿಕದ ಆರನೆಯ ಅಂಕ ಓದಿಕೊಂಡವರಿಗೆ, ಸಂಭಾಷಣೆ ಇಲ್ಲದೆಯೂ ಆ ಬಂಡಿಯ ದೃಶ್ಯವನ್ನು ಹೇಗೆ ತೆಗೆಯಬಹುದಿತ್ತು ಎಂಬುದನ್ನು ಊಹಿಸುವುದು ಕಷ್ಟವಲ್ಲ.